ಮರಡಿಹಳ್ಳಿಯಲ್ಲೊಂದು ಸಮುದ್ರ ಇತ್ತು

ಚಿತ್ರದುರ್ಗ ಅಂದ ತಕ್ಷಣ ಎಲ್ರಿಗೂ ನೆನಪಾಗೋದು ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ, ಮದಕರಿ ನಾಯಕ. ಕೋಟೆ ಹತ್ತಿ ಇಳಿದು, ಫೋಟೋ ತೆಗೆಸ್ಕೊಂಡು ಬಸ್ ಹತ್ತಿಬಿಡ್ತಾರೆ. ಅಲ್ಲಿಂದ ಆಗ್ನೇಯಕ್ಕೆ 16 ಕಿ.ಮೀ. ಆಸುಪಾಸಲ್ಲಿ ಮರಡಿಹಳ್ಳಿ ಅಂತ ಒಂದು ಊರಿದೆ, ಅಲ್ಲಿ ಸುಮಾರು 250 ಕೋಟಿ ವರ್ಷದ ಹಿಂದಿನ ಸಮುದ್ರದ ತಳ ಬಯಲಲ್ಲೇ ಬಿದ್ದಿದೆ, ಟಿಕೆಟ್ ಇಲ್ಲ ಏನಿಲ್ಲ, ನಡ್ಕೊಂಡು ಹೋಗಿ ಕೈಯಿಟ್ಟು ಮುಟ್ಟಬಹುದು. ಇದನ್ನ ಹೇಳಿದ್ರೆ ನಮ್ಮ ಜನ ಕೇಳೋದು ಒಂದೇ ಮಾತು: "ಅಲ್ಲೇನಿದೆ, ಬರೀ ಕಲ್ಲು ತಾನೆ?" ಈ "ಬರೀ ಕಲ್ಲು" ಅನ್ನೋದು ಕೇಳಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ಮರಡಿ ಅಂದ್ರೇನೇ ಕಲ್ಲುಗುಡ್ಡ. ಹೆಸರಿಟ್ಟ ಹಿರಿಯರಿಗೆ ಕಣ್ಣಿತ್ತು. ಆ ಕಲ್ಲಿಗೆ ಸ್ವಲ್ಪ ಹಸಿರು ಬಣ್ಣ, ಮತ್ತೆ ಅದು ಒಂದೇ ಬಂಡೆ ಥರ ಇಲ್ಲ, ದಿಂಬುಗಳನ್ನ ಒಂದರ ಮೇಲೊಂದು ಒತ್ತಿ ಒತ್ತಿ ಪೇರಿಸಿಟ್ಟ ಹಾಗಿದೆ. ಅದಕ್ಕೇ ಅದರ ಹೆಸರು ಪಿಲ್ಲೋ ಲಾವಾ. ಇಂಥ ದಿಂಬು ಲಾವಾ ನೀರಿನೊಳಗೆ ಬಿದ್ರೆ ಮಾತ್ರ ಆಗೋದು, ಬಯಲಲ್ಲಿ ಹರಿದ ಲಾವಾ ಈ ಆಕಾರ ತಗೊಳ್ಳಲ್ಲ. ಅದು ಹೇಗೆ ಅಂತ ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸೇ ಬರಲ್ಲ.

ಉಂಡೆ ಕಟ್ಟೋಕೆ ಬೆಲ್ಲದ ಪಾಕ ಹದಕ್ಕೆ ಬಂತಾ ಅಂತ ಮನೇಲಿ ಹೇಗೆ ನೋಡ್ತಾರೆ? ಒಂದು ತಟ್ಟೆ ತಣ್ಣೀರಿಗೆ ಒಂದು ಹನಿ ಬಿಡ್ತಾರೆ. ಹನಿ ಹರಡಲ್ಲ, ಮೇಲೆ ಒಂದು ಗಟ್ಟಿ ಪದರ ಕಟ್ಟಿಕೊಂಡು ಗುಂಡಗೆ ನಿಲ್ಲುತ್ತೆ, ಒಳಗೆ ಇನ್ನೂ ಮೆತ್ತಗಿರುತ್ತೆ. ಸಾವಿರ ಡಿಗ್ರಿಗೂ ಮೀರಿ ಕಾದ ಲಾವಾ ಸಮುದ್ರದ ತಳದ ಬಿರುಕಿನಿಂದ ಈಚೆ ಬಂದಾಗ ಆಗೋದೂ ಇದೇ, ಕ್ಷಣದಲ್ಲಿ ಗಾಜಿನಂಥ ಸಿಪ್ಪೆ. ಆದರೆ ಹಿಂದಿನಿಂದ ಲಾವಾ ನೂಕ್ತಾನೇ ಇರುತ್ತೆ, ಟೂತ್‌ಪೇಸ್ಟ್ ಟ್ಯೂಬ್ ಅದುಮಿದ ಹಾಗೆ, ಆಗ ಸಿಪ್ಪೆ ಎಲ್ಲೋ ಒಂದು ಕಡೆ ಬಿರಿದು ಅಲ್ಲಿಂದ ಇನ್ನೊಂದು ಮೊಗ್ಗು ಹೊರಡುತ್ತೆ, ಅದಕ್ಕೂ ಸಿಪ್ಪೆ, ಅದೂ ಬಿರಿದು ಮತ್ತೊಂದು. 1970ರ ದಶಕದ ಶುರುವಿನಲ್ಲಿ ಹವಾಯಿ ಹತ್ರ ಡೈವರ್‌ಗಳು ನೀರಿಗಿಳಿದು ಇದನ್ನ ಕಣ್ಣಾರೆ ನೋಡಿ ಫಿಲ್ಮ್ ಮಾಡ್ಕೊಂಡು ಬಂದ್ರು, ಹಾಗಾಗಿ ಇದು ಊಹೆ ಅಲ್ಲ.

ಇನ್ನೂ ಒಂದಿದೆ. ಬಿಸಿ ಮುದ್ದೆ ಎರಡನ್ನ ಪಕ್ಕಪಕ್ಕ ಇಟ್ಟು, ಅವುಗಳ ಮೇಲೆ ಮೂರನೇದನ್ನ ಇಡಿ. ಮೇಲಿನ ಮುದ್ದೆಯ ತಲೆ ಗುಂಡಗೇ ಇರುತ್ತೆ, ತಳ ಮಾತ್ರ ಕೆಳಗಿನ ಎರಡರ ಸಂದಿಗೆ ಇಳಿದು ಚೂಪಾಗುತ್ತೆ. ದಿಂಬುಗಳದ್ದೂ ಅದೇ ಕಥೆ. ಕೋಟ್ಯಂತರ ವರ್ಷದಲ್ಲಿ ನೆಲ ಮಡಚಿಕೊಂಡು ಪದರಗಳು ಅಡ್ಡ ಬಿದ್ದಿರ್ತವೆ, ಕೆಲವು ಕಡೆ ತಲೆಕೆಳಗೂ ಆಗಿರ್ತವೆ, ಆದ್ರೂ ಆ ಚೂಪು ಬಾಲ ನೋಡಿದ್ರೆ ಸಾಕು, ಆವತ್ತು ಆಕಾಶ ಯಾವ ಕಡೆ ಇತ್ತು ಅಂತ ಹೇಳಬಹುದು! ಉಸಿರಾಡೋಕೆ ಆಗುವಷ್ಟು ಆಕ್ಸಿಜನ್ ಕೂಡ ಇರದ ಆಕಾಶ ಅದು.

ನಾನು ಹೋದಾಗ ಅಲ್ಲೊಬ್ಬ ಅಜ್ಜ ಕುರಿ ಮೇಯಿಸ್ತಿದ್ರು. "ಏನ್ ಸಾಮಿ, ಬಿಸಿಲಾಗೆ ಕಲ್ ನೋಡಾಕ್ ಬಂದೀರಾ?" ಅಂದ್ರು. ನಾನು ಈ ಮುದ್ದೆ ಲೆಕ್ಕ ಹೇಳಿದೆ. ಅಜ್ಜ ಕೋಲು ಕೆಳಗಿಟ್ಟು ಕೂತು ಒಂದು ದಿಂಬಿನ ಸುತ್ತ ಬೆರಳಾಡಿಸಿ, "ಹಂಗಾರೆ ಇದು ಮೇಲು, ಇದು ಕೆಳಗು" ಅಂತ ಸರಿಯಾಗಿ ತೋರಿಸಿಬಿಟ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು, "ಬೋರ್ ಕೊರಸಿದ್ರೂ ನೀರು ಬೀಳಾಕಿಲ್ಲ ಇಲ್ಲಿ, ಇಲ್ಲಿ ಸಮುದ್ರ ಇತ್ತಾ? ಎಷ್ಟು ಆಳ ಇತ್ತು ಸಾಮಿ?"

ಆ ಪ್ರಶ್ನೆಗೆ ಆಮೇಲೆ ಬರ್ತೀನಿ.

ಜಿಎಸ್‌ಐ, ಅಂದ್ರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿರೋ ಜಾಗಗಳಲ್ಲಿ ಕರ್ನಾಟಕದ್ದು ನಾಲ್ಕು. ಮರಡಿಹಳ್ಳಿ ಒಂದು, ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿ ಇನ್ನೊಂದು. ಮೂರನೇದು ಬೆಂಗಳೂರಿನವರು ದಿನಾ ವಾಕಿಂಗ್ ಮಾಡೋ ಲಾಲ್‌ಬಾಗ್ ಬಂಡೆ, ಸುಮಾರು 300 ಕೋಟಿ ವರ್ಷದ್ದು. ಅದರ ಮೇಲಿರೋ ಕೆಂಪೇಗೌಡ ಗೋಪುರಕ್ಕೆ ಕೈ ಮುಗಿಯೋರು ಕಾಲ ಕೆಳಗಿರೋದನ್ನ ನೋಡಲ್ಲ. ಈ ಜಾತಿ ಕಲ್ಲಿಗೆ ಪೆನಿನ್ಸುಲಾರ್ ನೈಸ್ ಅನ್ನೋ ಹೆಸರು ಕೊಟ್ಟಿದ್ದು ಹಳೇ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್, 1916ರಲ್ಲಿ. ಹೆಸರಿನ ವಿಷಯ ಬಂದಿದ್ದಕ್ಕೆ ಹೇಳ್ತೀನಿ, ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು, ಬ್ಯಾರಿ ಕ್ಲೋಸ್ ಅನ್ನೋ ಬ್ರಿಟಿಷ್ ರೆಸಿಡೆಂಟ್‌ನಿಂದ ಬಂದಿದ್ದು. ಊರು ಹೆಸರು ಬದಲಾಯಿಸ್ತು, ಅಲ್ಲಿನ ಬೆಟ್ಟಗಳ ಕಲ್ಲು ಮಾತ್ರ ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ಟೇ.

ನಾಲ್ಕನೇದು ಮಲ್ಪೆಯಿಂದ ಬೋಟಲ್ಲಿ ಹೋಗೋ ಸೇಂಟ್ ಮೇರೀಸ್ ದ್ವೀಪ. ಅಲ್ಲಿನ ಐದು ಮೂಲೆ, ಆರು ಮೂಲೆ ಕಂಬಗಳನ್ನ ಯಾವುದೋ ಕಾಲದ ಶಿಲ್ಪಿಗಳು ಕೆತ್ತಿದ್ದು ಅಂತ ನಂಬೋರು ಈಗಲೂ ಇದ್ದಾರೆ. ಕೆತ್ತಿಲ್ಲ ಸ್ವಾಮಿ. ಬೇಸಿಗೇಲಿ ಒಣಗಿದ ಕೆರೆ ಅಂಗಳ ಚೌಕಳಿ ಚೌಕಳಿಯಾಗಿ ಬಿರುಕು ಬಿಡುತ್ತಲ್ಲ, ಲಾವಾ ಆರುತ್ತಾ ಕುಗ್ಗಿದಾಗಲೂ ಹಾಗೇ ಬಿರಿಯುತ್ತೆ, ಬಿರುಕು ಆಳಕ್ಕೆ ಇಳೀತಾ ಹೋಗಿ ಕಂಬ ಆಗುತ್ತೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆ ಆದ ಕಾಲದ ಲಾವಾ ಅದು. ಅಂಥ ಕಂಬದ ಮೇಲೆ ಹುಡುಗ್ರು ಹೃದಯ ಕೆತ್ತಿ ಹೆಸರು ಬರೀತಾರೆ. ಹಲ್ಮಿಡಿ ಶಾಸನದ ಮೇಲೆ ಯಾರಾದ್ರೂ ಹೀಗೆ ಗೀಚಿದ್ರೆ ನಾವು ಸುಮ್ನಿರ್ತೀವಾ?

ನಂಬಿಕೆ ಬಗ್ಗೆ ಒಂದು ಮಾತು. ಭಸ್ಮಾಸುರ ಸುಟ್ಟು ಬೂದಿಯಾಗಿದ್ದಕ್ಕೆ ಯಾಣದ ಕಲ್ಲು ಕಪ್ಪು ಅಂತಾರೆ, ಅದು ಸುಣ್ಣಕಲ್ಲಿನ ಶಿಖರ, ಮಳೆನೀರು ಕರಗಿಸಿ ಕೊರೆದಿದ್ದು. ಆದ್ರೂ ನನಗೆ ಆ ಕಥೆ ಮೇಲೆ ಕೋಪ ಇಲ್ಲ. ಪೂಜೆ ಇರೋ ಕಲ್ಲು ಉಳ್ಕೊಂಡಿದೆ, ಪೂಜೆ ಇಲ್ಲದ ಎಷ್ಟೋ ಕಲ್ಲು ಕ್ರಷರ್‌ಗೆ ಹೋಗಿ ಜಲ್ಲಿ ಆಗಿದೆ. ಕಾನೂನು ಮಾಡಬೇಕಾದ ಕೆಲಸವನ್ನ ಭಸ್ಮಾಸುರ ಮಾಡ್ತಿದ್ದಾನೆ ಅನ್ನೋದೇ ನನ್ನ ಚಿಂತೆ. ಯಾಕಂದ್ರೆ ಗುಡಿ, ಕೋಟೆಗಳಿಗೆ 1958ರ ಕಾಯ್ದೆ ಇದೆ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ. ಕಲ್ಲಿನ ಸ್ಮಾರಕಗಳಿಗೆ ಅಂಥದ್ದಿಲ್ಲ, 2022ರಲ್ಲಿ ಗಣಿ ಸಚಿವಾಲಯ ಒಂದು ಕರಡು ಮಸೂದೆ ತಂತು, ಅದು ಕರಡಾಗೇ ಉಳೀತು. ಚೀನಾದಲ್ಲಿ ಯುನೆಸ್ಕೋ ಜಿಯೋಪಾರ್ಕ್‌ಗಳು, ಅಂದ್ರೆ ಇಂಥ ಕಲ್ಲು-ಬೆಟ್ಟಗಳಿಗಾಗಿ ಯುನೆಸ್ಕೋ ಮಾನ್ಯತೆ ಪಡೆದ ಪ್ರದೇಶಗಳು, 40ಕ್ಕೂ ಹೆಚ್ಚಿವೆ. ನಮ್ಮಲ್ಲಿ ಒಂದೂ ಇಲ್ಲ.

ಇಂಥ ಕಲ್ಲು ತೋರಿಸೋ ಪ್ರವಾಸೋದ್ಯಮಕ್ಕೆ ಜಿಯೋಟೂರಿಸಂ ಅಂತಾರೆ, ಅದಕ್ಕೆ ರೆಸಾರ್ಟ್, ಸೆಲ್ಫಿ ಪಾಯಿಂಟ್ ಬೇಡ. ಬೇಲಿ, ನೆರಳು, ಕನ್ನಡದಲ್ಲಿ ಬಿಡಿಸಿ ಹೇಳೋ ಒಂದು ಬೋರ್ಡು, ಊರಿನ ಹುಡುಗ್ರಿಗೆ ಗೈಡ್ ತರಬೇತಿ. ಅಜ್ಜನಿಗೆ ಐದು ನಿಮಿಷದಲ್ಲಿ ಅರ್ಥ ಆಗಿದ್ದು ಅವರ ಮೊಮ್ಮಗನಿಗೆ ಆಗಲ್ವಾ? ಮೊಮ್ಮಗ ಅದನ್ನ ಬಂದೋರಿಗೆ ಹೇಳಿ ನಾಲ್ಕು ಕಾಸು ಸಂಪಾದಿಸಿದ್ರೆ ಆ ಕಲ್ಲಿಗೆ ಅವನಿಗಿಂತ ಒಳ್ಳೇ ಕಾವಲುಗಾರ ಸಿಗಲ್ಲ.

ಅಜ್ಜನ ಪ್ರಶ್ನೆ ಬಾಕಿ ಇದೆ. ಸಮುದ್ರ ಎಷ್ಟು ಆಳ ಇತ್ತು? ಗೋಲಿ ಸೋಡಾ ನೆನಪಿಸ್ಕೊಳ್ಳಿ, ಗೋಲಿ ಒತ್ತೋವರೆಗೂ ಗುಳ್ಳೆ ಏಳಲ್ಲ. ಲಾವಾದೊಳಗಿನ ಗ್ಯಾಸೂ ಹಾಗೇ, ಮೇಲೆ ನೀರಿನ ಭಾರ ಜಾಸ್ತಿ ಇದ್ದಷ್ಟೂ ಗುಳ್ಳೆ ಕಮ್ಮಿ, ಸಣ್ಣದು. ದಿಂಬಿನ ಅಂಚಿನ ಹತ್ರ ಗಟ್ಟಿಯಾದ ಗುಳ್ಳೆಗಳ ಗುರುತು ಎಷ್ಟಿದೆ, ಎಷ್ಟು ದೊಡ್ಡದಿದೆ ಅಂತ ನೋಡಿ ಆಳವನ್ನ ಒಂದು ಅಂದಾಜು ಮಾಡಬಹುದು. ಅಜ್ಜನಿಗೆ ಅದನ್ನ ತೋರಿಸೋಣ ಅಂತ ಅವರು ಬೆರಳಿಟ್ಟಿದ್ದ ದಿಂಬಿನ ಇನ್ನೊಂದು ಬದಿಗೆ ಬಗ್ಗಿದೆ. ಅಂಚು ಇರಲಿಲ್ಲ. ಸ್ಯಾಂಪಲ್‌ಗೆ ಅಂತ ಯಾರೋ ಸುತ್ತಿಗೆಯಲ್ಲಿ ಒಡೆದುಕೊಂಡು ಹೋಗಿದ್ರು, ಒಡೆದ ಜಾಗ ಇನ್ನೂ ಹೊಸದಾಗೇ ಕಾಣ್ತಿತ್ತು.