ಇದು ಬರೀ ಸುಸ್ತಾ, ಖಿನ್ನತೆನಾ? ಒಂಟಿ ತಾಯಿಯ ಪ್ರಶ್ನೆ

ಪ್ರಶ್ನೆ: ಹೆರಿಗೆಯಾಗಿ 6 ವಾರವಾಯಿತು. ಮಗುವನ್ನು ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ದಿನಾ ಅಳು ಬರುತ್ತೆ. ಇದು ನಿದ್ದೆಗೆಟ್ಟ ಸುಸ್ತಾ, ಇಲ್ಲಾ ಡಾಕ್ಟರ ಹತ್ತಿರ ಹೋಗಬೇಕಾ?

ಉತ್ತರ: ಹೋಗಿ. ಈ ವಾರವೇ ಹೋಗಿ.

ಹೆರಿಗೆಯಾದ ಎರಡು ಮೂರು ದಿನಕ್ಕೆ ಸುಮ್ನೆ ಕಣ್ಣು ತುಂಬಿ ಬರುವುದು ಬಹಳಷ್ಟು ತಾಯಂದಿರಿಗೆ ಆಗುತ್ತದೆ. ಬಸುರಿಯಾಗಿದ್ದಾಗ ಏರಿದ್ದ ಈಸ್ಟ್ರೊಜನ್, ಪ್ರೊಜೆಸ್ಟೆರಾನ್ ಹಾರ್ಮೋನುಗಳು ಹೆರಿಗೆಯ ಬೆನ್ನಲ್ಲೇ ಸರ್ರನೆ ಇಳಿದುಬಿಡುತ್ತವೆ. ಆ ಅಳು ಸಾಮಾನ್ಯವಾಗಿ 2 ವಾರದೊಳಗೆ ತಾನಾಗಿ ನಿಲ್ಲುತ್ತದೆ. ನಿಮ್ಮದು ನಿಂತಿಲ್ಲ. ಇದು ಹೆರಿಗೆಯ ನಂತರದ ಖಿನ್ನತೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೆರಿಗೆಯಾದ 100 ಹೆಂಗಸರಲ್ಲಿ ಸುಮಾರು 13 ಮಂದಿಗೆ ಮಾನಸಿಕ ತೊಂದರೆ ಕಾಣಿಸುತ್ತದೆ. ಅದರಲ್ಲಿ ಖಿನ್ನತೆಯೇ ಜಾಸ್ತಿ.

ಒಬ್ಬಳೇ ಇರುವ ತಾಯಿಗೆ ಕೆಲಸದ ಹೊರೆಗಿಂತ ದೊಡ್ಡ ತೊಂದರೆ ಇನ್ನೊಂದಿದೆ ಅಂತ ನನಗನಿಸುತ್ತದೆ. ಅವಳನ್ನು ಗಮನಿಸುವವರೇ ಇರುವುದಿಲ್ಲ. ರಾತ್ರಿ 3 ಗಂಟೆಗೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಗೋಡೆಗೆ ಒರಗಿ ನಿಂತಿರುತ್ತಾಳೆ. ಸಂಜೆ ಮುಚ್ಚಿಟ್ಟ ಊಟ ಹಾಗೇ ಇರುತ್ತದೆ. 'ಯಾಕೆ, ನಿನ್ನೆಯಿಂದ ಏನೂ ತಿಂದಿಲ್ವಲ್ಲ' ಅನ್ನಲು ಪಕ್ಕದಲ್ಲಿ ಒಂದು ಜೀವ ಇಲ್ಲ. ಹಾಗಾಗಿ ಕಾಯಿಲೆ ಒಳಗೊಳಗೇ ಬೆಳೆಯುತ್ತದೆ.

ಸುಸ್ತು ಯಾವುದು, ಖಿನ್ನತೆ ಯಾವುದು? ಯಾರಾದರೂ ಮಗುವನ್ನು ಎತ್ತಿಕೊಂಡರೆ ಸುಸ್ತಾದವಳು ಕೂಡಲೇ ನಿದ್ದೆಹೋಗುತ್ತಾಳೆ. ಖಿನ್ನತೆಯಲ್ಲಿ ಎಷ್ಟೋ ಸಲ ಆಗಲೂ ಕಣ್ಣು ಮುಚ್ಚುವುದಿಲ್ಲ. ಇಷ್ಟವಾದದ್ದು ಯಾವುದೂ ರುಚಿಸುವುದಿಲ್ಲ, 'ನಾನು ಕೆಟ್ಟ ತಾಯಿ' ಅನ್ನುವ ಯೋಚನೆ ಬಿಡುವುದಿಲ್ಲ. ಹೆರಿಗೆಯ ನಂತರದ ಖಿನ್ನತೆ ಇರಬಹುದಾ ಅಂತ ನೋಡಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೊ ಪ್ರಶ್ನಾವಳಿಯಲ್ಲಿ ಬರೀ 10 ಪ್ರಶ್ನೆಗಳಿವೆ. ಕಳೆದ 7 ದಿನ ಹೇಗಿತ್ತು ಅಂತ ಕೇಳುತ್ತದೆ, ಐದೇ ನಿಮಿಷದ ಕೆಲಸ. ಥೈರಾಯ್ಡ್ ಏರುಪೇರು, ರಕ್ತಹೀನತೆ ಕೂಡ ಹೀಗೇ ಕಾಣಬಹುದು, ರಕ್ತಪರೀಕ್ಷೆಯನ್ನೂ ಕೇಳಿ. ಆಪ್ತಸಮಾಲೋಚನೆಯಿಂದ ಗುಣ ಕಾಣುತ್ತದೆ. ಮಾತ್ರೆ ಬೇಕಾದರೂ ಹೆದರಬೇಡಿ. ಎದೆಹಾಲು ಕುಡಿಸುವಾಗ ಕೊಡಬಹುದಾದ ಔಷಧಿಗಳಿವೆ, ಸರ್ಟ್ರಾಲಿನ್ ಅವುಗಳಲ್ಲಿ ಒಂದು.

'ಏನಾದರೂ ಬೇಕಾದ್ರೆ ಹೇಳು' ಅಂದವರು ನಿಮ್ಮ ಸುತ್ತ ಇದ್ದಾರೆ, ಅಲ್ವಾ? ಅವರಲ್ಲಿ ಒಬ್ಬರನ್ನು ಹಿಡಿದು ಕೇಳಿ: 'ವಾರಕ್ಕೆ ಎರಡು ರಾತ್ರಿ ಮಗುವನ್ನು ನೋಡಿಕೋ, ನಾನು 4 ಗಂಟೆ ಒಂದೇ ಸಮನೆ ಮಲಗಬೇಕು.' ಇನ್ನೊಬ್ಬರಿಗೆ ದಿನಾ ಒಂದು ಫೋನ್ ಮಾಡಲು ಹೇಳಿ. ಕೇಳಲು ಸಂಕೋಚ ಬೇಡ.

ನಿಮಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೆ ಅನ್ನಿಸಿದರೆ, ಇಲ್ಲದ ದನಿ ಕೇಳಿಸಿದರೆ, ನಾಳೆಗೆ ಕಾಯಬೇಡಿ. ತಕ್ಷಣ ಯಾರನ್ನಾದರೂ ಜೊತೆಗೆ ಕರೆಸಿಕೊಂಡು ತುರ್ತು ಚಿಕಿತ್ಸೆಗೆ ಹೋಗಿ.

ಡಾಕ್ಟರ ಮುಂದೆ ಮೊದಲು ಹೇಳಬೇಕಾದ್ದು, 'ಮನೆಯಲ್ಲಿ ನಾನೊಬ್ಬಳೇ' ಅಂತ. ಚಿಕಿತ್ಸೆ ಹೇಗೆ ಅನ್ನುವುದು ಅದರ ಮೇಲೂ ನಿಂತಿದೆ. ಮಗುವನ್ನು ಬಿಟ್ಟುಹೋಗಲು ಯಾರೂ ಇಲ್ಲವಾದರೆ ಎತ್ತಿಕೊಂಡೇ ಹೋಗಿ. ಅದು ಅಲ್ಲಿ ಅತ್ತರೂ ಪರವಾಗಿಲ್ಲ, ನೀವು ಅತ್ತರೂ ಪರವಾಗಿಲ್ಲ.