ಮಾತ್ರೆಗೆ ಸಿಗದ ಎಚ್‌ಐವಿ ಎಲ್ಲಿರುತ್ತದೆ?

ಈ ಪಾಠವನ್ನು ಅಮೆರಿಕದ ಮಿಸಿಸಿಪಿಯ ಒಂದು ಮಗುವಿನ ಕೇಸ್‌ನಿಂದ ಶುರು ಮಾಡುವುದು ಒಳ್ಳೆಯದು. 2010ರಲ್ಲಿ ಎಚ್‌ಐವಿ ಸೋಂಕಿನೊಂದಿಗೆ ಹುಟ್ಟಿದ ಆ ಮಗುವಿಗೆ 30 ಗಂಟೆಯೊಳಗೇ ಔಷಧಿ ಶುರುವಾಯಿತು. ಸುಮಾರು 18 ತಿಂಗಳಿಗೆ ಔಷಧಿ ನಿಂತುಹೋಯಿತು. ಆದರೂ 2 ವರ್ಷಕ್ಕಿಂತ ಜಾಸ್ತಿ ಕಾಲ ರಕ್ತದಲ್ಲಿ ವೈರಸ್ ಕಾಣಲಿಲ್ಲ. ಮಗು ಗುಣವಾಯಿತು ಎಂದು ಎಲ್ಲರೂ ಆಸೆಪಟ್ಟರು. 2014ರಲ್ಲಿ ವೈರಸ್ ಮತ್ತೆ ಬಂತು. ಅಷ್ಟು ದಿನ ಅದು ಎಲ್ಲಿತ್ತು?

ಮುಖ್ಯ ಜಾಗ ನೆನಪಿನ ಸಿಡಿ4 ಟಿ ಕೋಶ, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ. ಒಮ್ಮೆ ಕಂಡ ರೋಗಾಣು ಮತ್ತೆ ಬಂದರೆ ಗುರುತು ಹಿಡಿಯುವುದು ಇದರ ಕೆಲಸ. ಅಲ್ಲಿಯವರೆಗೆ ವರ್ಷಗಟ್ಟಲೆ ಸುಮ್ನೆ ಮಲಗಿರುತ್ತದೆ. ಎಚ್‌ಐವಿ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಂಡು ಈ ಕೋಶದ ಡಿಎನ್‌ಎ ಒಳಗೇ ಸೇರಿಬಿಡುತ್ತದೆ. ಹಾಗೆ ಸೇರಿದ್ದಕ್ಕೆ ಪ್ರೊವೈರಸ್ ಎಂದು ಹೆಸರು. ಕೋಶ ಮಲಗಿದರೆ ಇದೂ ಮಲಗುತ್ತದೆ. ವೈರಸ್ಸಿನ ಪ್ರೋಟೀನ್ ತಯಾರಾಗುವುದಿಲ್ಲ. ಹಾಗಾಗಿ ದೇಹದ ಕಾವಲು ಕೋಶಗಳಿಗೂ ಸುಳಿವು ಸಿಗುವುದಿಲ್ಲ.

ಈಗ ನಮ್ಮ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರಗಳಲ್ಲಿ ಕೊಡುವ, ಮೂರು ಔಷಧಿ ಸೇರಿದ ಟಿಎಲ್‌ಡಿ ಮಾತ್ರೆ ನೋಡಿ. ಅದರಲ್ಲಿರುವ ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ವೈರಸ್ಸಿನ ಆರ್‌ಎನ್‌ಎ ಡಿಎನ್‌ಎ ಆಗದಂತೆ ತಡೆಯುತ್ತವೆ. ಡೊಲುಟೆಗ್ರಾವಿರ್ ಆ ಡಿಎನ್‌ಎ ನಮ್ಮ ಡಿಎನ್‌ಎಗೆ ಸೇರದಂತೆ ತಡೆಯುತ್ತದೆ. ಮೂರೂ ಹೊಸ ಕೋಶಗಳನ್ನು ಕಾಯುತ್ತವೆ. ಆಗಲೇ ಸೇರಿಹೋದ ಪ್ರೊವೈರಸ್ಸನ್ನು ಕೀಳಲು ಯಾವುದಕ್ಕೂ ಆಗದು. ಇಡೀ ಪಾಠದಲ್ಲಿ ಇದೊಂದನ್ನು ಬಿಡಬೇಡಿ.

ಮತ್ತೆ ಎದ್ದು ಬರಬಲ್ಲ ಪ್ರೊವೈರಸ್ ಇರುವುದು ಮಲಗಿದ ಸಿಡಿ4 ಕೋಶಗಳಲ್ಲಿ ಸುಮಾರು 10 ಲಕ್ಷಕ್ಕೆ ಒಂದರಲ್ಲಿ. ತೀರಾ ಕಡಿಮೆ ಅಲ್ವಾ? ಆದರೆ ಈ ಸಂಗ್ರಹ ಅರ್ಧಕ್ಕೆ ಇಳಿಯಲು ಸುಮಾರು 44 ತಿಂಗಳು ಬೇಕು. ಪೂರ್ತಿ ಕರಗಲು 60 ವರ್ಷಕ್ಕೂ ಜಾಸ್ತಿ. ಅದೂ ಅಲ್ಲದೆ, ಒಂದು ಕೋಶ ಎರಡಾದಾಗ ಒಳಗಿನ ಪ್ರೊವೈರಸ್ಸೂ ಎರಡಾಗುತ್ತದೆ.

ರಕ್ತದಲ್ಲಿ ಓಡಾಡುವ ಇಂಥ ಕೋಶಗಳು ಸ್ವಲ್ಪ ಮಾತ್ರ. ಹೆಚ್ಚಿನವು ದುಗ್ಧಗ್ರಂಥಿ, ಕರುಳಿನ ಗೋಡೆ, ಗುಲ್ಮಗಳಲ್ಲಿವೆ. ದುಗ್ಧಗ್ರಂಥಿಯಲ್ಲಿ ಬಿ ಕೋಶಗಳು (ಪ್ರತಿಕಾಯ ತಯಾರಿಸುವ ಕೋಶಗಳು) ಗುಂಪಾಗಿರುವ ಕಡೆ, ಸೋಂಕಿತ ಕೋಶಗಳನ್ನು ಕೊಲ್ಲುವ ಸಿಡಿ8 ಕೋಶಗಳು ಹೋಗುವುದೇ ಅಪರೂಪ. ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕೋಶಗಳೂ ವೈರಸ್ಸಿಗೆ ನೆಲೆ.

ವೈರಲ್ ಲೋಡ್ ಪರೀಕ್ಷೆ ಅಳೆಯುವುದು ಪ್ಲಾಸ್ಮಾದಲ್ಲಿ (ರಕ್ತದ ದ್ರವ ಭಾಗದಲ್ಲಿ) ತೇಲುವ ವೈರಸ್ಸನ್ನು ಮಾತ್ರ. ರಿಪೋರ್ಟಿನಲ್ಲಿ 'ಪತ್ತೆಯಾಗಿಲ್ಲ' ಎಂದು ಬರುತ್ತಲೇ ಇದ್ದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಸೋಂಕು ಹರಡುವುದಿಲ್ಲ. ಇದು ದೊಡ್ಡ ವಿಷಯ. ಆದರೆ ಮಾತ್ರೆ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಮಲಗಿದ್ದ ಯಾವುದೋ ಕೋಶ ಏಳುತ್ತದೆ, ವೈರಸ್ ಮತ್ತೆ ರಕ್ತಕ್ಕೆ ಬರುತ್ತದೆ.