ಚಿಲುಮೆಗೆ ಸೋಪು ಹಾಕಿದ ಪ್ರವಾಸಿಗರು

1856ರಲ್ಲಿ ಐಸ್‌ಲ್ಯಾಂಡಿಗೆ ಹೋದ ಲಾರ್ಡ್ ಡಫರಿನ್, ಹೌಕಾದಾಲುರ್ ಕಣಿವೆಯಲ್ಲಿ ಡೇರೆ ಹಾಕಿಕೊಂಡು ದಿನಗಟ್ಟಲೆ ಕಾದ. ಮುಂದೆ 1884ರಲ್ಲಿ ಭಾರತಕ್ಕೆ ವೈಸ್‌ರಾಯ್ ಆಗಿ ಬಂದನಲ್ಲ, ಅದೇ ಡಫರಿನ್. ಅವನು ಕಾದಿದ್ದು ಗೇಸಿರ್ ಎಂಬ ಬಿಸಿನೀರಿನ ಚಿಲುಮೆ ಚಿಮ್ಮುವುದನ್ನು ನೋಡಲು. ಅದು ಯಾವಾಗ ಚಿಮ್ಮುತ್ತದೆ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಆದರೆ ಪಕ್ಕದಲ್ಲೇ ಸ್ಟ್ರೊಕ್ಕುರ್ ಎಂಬ ಇನ್ನೊಂದು ಚಿಲುಮೆ ಇತ್ತು. ಅದಕ್ಕೆ ಕಾಯಬೇಕಾಗಿಯೇ ಇರಲಿಲ್ಲ. ಹುಲ್ಲು ಬೇರು ಸಮೇತ ಮಣ್ಣಿನ ಹೆಂಟೆಗಳನ್ನು ಸಲಿಕೆಯಲ್ಲಿ ಎತ್ತಿ ಅದರ ಬಾಯಿಗೆ ಸುರಿದರೆ ಸಾಕು. ಮೊದಲು ಕುದಿತ ನಿಂತ ಹಾಗೆ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಕೆಸರು, ಹುಲ್ಲು, ಕುದಿನೀರು ಎಲ್ಲ ಒಟ್ಟಿಗೆ ಆಕಾಶಕ್ಕೆ ಹಾರುತ್ತದೆ. 19ನೇ ಶತಮಾನದಲ್ಲಿ ಅಲ್ಲಿಗೆ ಹೋದವರು ಮತ್ತೆ ಮತ್ತೆ ಮಾಡಿದ ಕೆಲಸ ಇದು.

ಒಂದು ಬುಟ್ಟಿ ಮಣ್ಣಿಗೆ ನೆಲದೊಳಗಿನ ನೀರು ಯಾಕೆ ಹಾಗೆ ಕೆರಳಬೇಕು? ಈ ಪ್ರಶ್ನೆಗೆ ಉತ್ತರ ಗೊತ್ತಾದರೆ ಚಿಲುಮೆಗಳ ಬಗ್ಗೆ ಮುಕ್ಕಾಲು ಪಾಲು ಗೊತ್ತಾದ ಹಾಗೆ. ಪ್ರವಾಸಿಗರು ಅವುಗಳನ್ನು ಹೇಗೆ ಕೆಡಿಸಿದರು ಅನ್ನುವುದೂ ಅದರಿಂದಲೇ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಬಿಸಿನೀರಿನ ಬುಗ್ಗೆ ಅಂದ ತಕ್ಷಣ "ಕೆಳಗೆ ಗಂಧಕ ಇದೆ, ಅದಕ್ಕೇ ನೀರು ಬಿಸಿ" ಅಂತಾರೆ. ಓದಿದವರೂ ಹೇಳ್ತಾರೆ. ಇದು ಶುದ್ಧ ತಪ್ಪು. ಗಂಧಕ ನೀರನ್ನು ಕಾಯಿಸುವುದಿಲ್ಲ. ನೆಲದ ಆಳಕ್ಕೆ ಹೋದ ಹಾಗೆ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಮಳೆನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕೆ ಇಳಿದು, ಅಲ್ಲಿ ಕಾದು, ಇನ್ನೊಂದು ಬಿರುಕಿನಲ್ಲಿ ಮೇಲೆ ಬಂದರೆ ಅದೇ ಬಿಸಿನೀರಿನ ಬುಗ್ಗೆ. ಕಾದ ನೀರು ದಾರಿಯಲ್ಲಿ ಸಿಕ್ಕಿದ ಖನಿಜಗಳನ್ನೆಲ್ಲ ಕರಗಿಸಿಕೊಂಡು ಬರುತ್ತದೆ. ಗಂಧಕವೂ ಹಾಗೆ ಬಂದದ್ದು, ಮೊಟ್ಟೆ ಕೊಳೆತಂಥ ವಾಸನೆ ಕೊಡುವುದು ಅದರದೇ ಒಂದು ಅನಿಲ. ಜ್ವಾಲಾಮುಖಿಯೂ ಬೇಕಾಗಿಲ್ಲ. ಪುತ್ತೂರಿನ ಇರ್ದೆಯ ಬೆಂದ್ರು ತೀರ್ಥದ ಸುತ್ತಮುತ್ತ ಯಾವ ಜ್ವಾಲಾಮುಖಿ ಇದೆ ಹೇಳಿ? ಇನ್ನು ಆ ನೀರಲ್ಲಿ ಮುಳುಗಿದರೆ ಚರ್ಮರೋಗ ವಾಸಿಯಾಗುತ್ತದೆ ಅನ್ನುವ ನಂಬಿಕೆ. ಬಿಸಿನೀರಿಗೆ ಮೈಕೈ ಹಗುರ ಅನ್ನಿಸುವುದು ನಿಜ. ಆದರೆ ಹುಣ್ಣು, ಗಾಯ ಇರುವವರೆಲ್ಲ ಒಂದೇ ಕೊಳದಲ್ಲಿ ಮುಳುಗಿದರೆ ಸೋಂಕು ಒಬ್ಬರಿಂದ ಒಬ್ಬರಿಗೆ ಹರಡಬಹುದು. ದಯವಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ.

ಬುಗ್ಗೆ ಎಲ್ಲಿ ಬೇಕಾದರೂ ಇರಬಹುದು. ಭಾರತದಲ್ಲೇ 300ಕ್ಕೂ ಜಾಸ್ತಿ ಇವೆ. ಹಿಮಾಚಲದ ಮಣಿಕರಣದಲ್ಲಿ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕುಂಡದಲ್ಲಿ ಇಳಿಬಿಡುತ್ತಾರೆ, ಅನ್ನ ಆಗುತ್ತದೆ. ಚಿಮ್ಮುವ ಚಿಲುಮೆ ಮಾತ್ರ ಅಪರೂಪ. ಇಡೀ ಭೂಮಿಯ ಮೇಲೆ ಸುಮಾರು 1000 ಇರಬಹುದು, ಅದರಲ್ಲಿ ಅರ್ಧದಷ್ಟು ಅಮೆರಿಕದ ಯೆಲ್ಲೋಸ್ಟೋನ್ ಒಂದರಲ್ಲೇ ಇವೆ. ಉಳಿದವು ಹೆಚ್ಚಾಗಿ ರಷ್ಯಾದ ಕಮ್‌ಚಾಟ್ಕಾ, ಚಿಲಿ, ನ್ಯೂಜಿಲೆಂಡ್, ಐಸ್‌ಲ್ಯಾಂಡ್‌ಗಳಲ್ಲಿ. ಯಾಕೆ ಇಷ್ಟು ಕಡಿಮೆ? ಚಿಮ್ಮುವುದಕ್ಕೆ ಬಿಸಿ ಮತ್ತು ನೀರು ಇದ್ದರೆ ಸಾಲದು, ಒತ್ತಡ ತಡೆಯುವ ಕೊಳವೆ ಬೇಕು. ಬಿಸಿನೀರು ಬಂಡೆಯಿಂದ ಸಿಲಿಕಾ ಅನ್ನುವ, ಮರಳಿನಲ್ಲಿರುವಂಥ ಖನಿಜವನ್ನು ಕರಗಿಸಿಕೊಂಡು ಬಂದು, ಮೇಲೆ ಬಂದು ತಣಿಯುವಾಗ ಅದನ್ನು ಗೋಡೆಗೆ ಲೇಪಿಸಿ ಹೋಗುತ್ತದೆ. ನೂರಾರು ವರ್ಷ ಹೀಗೆ ಪದರದ ಮೇಲೆ ಪದರ ಕೂತು ನೆಲದೊಳಗಿನ ಬಿರುಕುಗಳು ಸೋರದ ಕೊಳವೆಗಳಾಗುತ್ತವೆ. ಅಲ್ಲಲ್ಲಿ ಕಿರಿದಾದ ಗಂಟಲೂ ಇರಬೇಕು.

ಈಗ ಒತ್ತಡದ ವಿಷಯ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಅನ್ನುವುದು ಅರ್ಧ ಸತ್ಯ. ಯೆಲ್ಲೋಸ್ಟೋನಿನ ಓಲ್ಡ್ ಫೇಯ್ತ್‌ಫುಲ್ ಚಿಲುಮೆ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಅಲ್ಲಿ 93 ಡಿಗ್ರಿಗೇ ಕುದಿ ಬರುತ್ತದೆ. ಮೇಲಿನ ಒತ್ತಡ ಕಡಿಮೆಯಾದರೆ ಬೇಗ ಕುದಿಯುತ್ತದೆ, ಜಾಸ್ತಿಯಾದರೆ ತಡವಾಗಿ. ಹತ್ತು ಮೀಟರ್ ಆಳದ ನೀರು ಒಂದು ವಾಯುಮಂಡಲದಷ್ಟು ಒತ್ತಡ ಹೇರುತ್ತದೆ. ಅಂದರೆ ಹತ್ತು ಮೀಟರ್ ಕೆಳಗೆ ಒಟ್ಟು ಒತ್ತಡ ಎರಡು ವಾಯುಮಂಡಲ, ಅಲ್ಲಿ ನೀರು ಕುದಿಯಲು 120 ಡಿಗ್ರಿ ಬೇಕು. ನಿಮ್ಮ ಅಡುಗೆಮನೆಯ ಕುಕ್ಕರಿನೊಳಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಒಳಗೆ ನೀರು 120 ಡಿಗ್ರಿ ಹತ್ತಿರ ಇರುತ್ತದೆ, ಆದರೂ ಪೂರ್ತಿ ಆವಿಯಾಗಿರುವುದಿಲ್ಲ. ಆಗ ಮುಚ್ಚಳ ತೆಗೆದರೆ ಏನಾಗುತ್ತದೆ? ಬೇಳೆ ಸೂರಿಗೆ ಹಾರುತ್ತದೆ ಅಲ್ವಾ. ಚಿಲುಮೆಯ ಮುಚ್ಚಳ ಅಂದರೆ ಮೇಲೆ ನಿಂತಿರುವ ನೀರೇ. ಅದರ ಭಾರ ಇಳಿದರೆ ಕೆಳಗಿನ ನೀರು ತಟ್ಟನೆ ಕುದಿಯುತ್ತದೆ.

ಎಷ್ಟು ಕುದಿಯುತ್ತದೆ ಅನ್ನುವ ಲೆಕ್ಕ ನನಗೆ ತುಂಬಾ ಇಷ್ಟ. 120 ಡಿಗ್ರಿಯ 100 ಕಿಲೋ ನೀರಿನ ಮೇಲಿನ ಒತ್ತಡವನ್ನು ಒಮ್ಮೆಗೇ ತೆಗೆದುಬಿಡಿ. ಎಲ್ಲವೂ ಆವಿಯಾಗುವುದಿಲ್ಲ. ಮೇಲಿನ 20 ಡಿಗ್ರಿಯ ಶಾಖ ಸುಮಾರು 4 ಕಿಲೋ ನೀರನ್ನು ಮಾತ್ರ ಆವಿ ಮಾಡಬಲ್ಲದು. ಆದರೆ ಆವಿಯಾದ ನೀರು ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. 4 ಕಿಲೋ ನೀರಿಗೆ 6,000 ಲೀಟರಿಗೂ ಜಾಸ್ತಿ ಆವಿ! ಕಿರಿದಾದ ಕೊಳವೆಯಲ್ಲಿ ಅಷ್ಟು ಆವಿಗೆ ಜಾಗ ಎಲ್ಲಿ? ಉಳಿದ 96 ಕಿಲೋ ನೀರನ್ನು ಎತ್ತಿಕೊಂಡು ಅದು ಮೇಲಕ್ಕೆ ನುಗ್ಗುತ್ತದೆ. ನೀರು ಹೊರಗೆ ಚೆಲ್ಲಿದಷ್ಟೂ ಒತ್ತಡ ಇಳಿಯುತ್ತದೆ, ಇಳಿದಷ್ಟೂ ಇನ್ನೂ ಆಳದ ನೀರು ಕುದಿಯುತ್ತದೆ. ಕೊಳವೆ ಖಾಲಿಯಾಗುವ ತನಕ ನಿಲ್ಲುವುದಿಲ್ಲ.

ಇದನ್ನು ಮೊದಲು ಅಳತೆ ಮಾಡಿ ತೋರಿಸಿದವನು ರಾಬರ್ಟ್ ಬುನ್ಸೆನ್. ಪ್ರಯೋಗಾಲಯದ ಬುನ್ಸೆನ್ ಬರ್ನರ್ ಗೊತ್ತಲ್ಲ, ಅವನೇ. ಅವನಿಗೂ ಮುಂಚೆ ಬಂದವರು ಸುಮ್ನೆ ನೋಡಿ ಹೋಗಿರಲಿಲ್ಲ. 1772ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ತಂಡದವರು ಗೇಸಿರ್ ಚಿಮ್ಮುವ ಎತ್ತರ ಅಳೆದು, ಬುಗ್ಗೆಯಲ್ಲಿ ಕುರಿ ಮಾಂಸ, ಮೀನು ಬೇಯಿಸಿದ್ದರು. 1810ರಲ್ಲಿ ಬಂದ ಸ್ಕಾಟ್ಲೆಂಡಿನ ಭೂವಿಜ್ಞಾನಿ ಜಾರ್ಜ್ ಮೆಕೆಂಜಿ, ನೆಲದೊಳಗೆ ಆವಿ ತುಂಬಿದ ಗುಹೆಯೊಂದು ಇದ್ದು ಅದು ನೀರನ್ನು ನೂಕುತ್ತದೆ ಅಂತ ಊಹಿಸಿದ್ದ. ಬುನ್ಸೆನ್ ಊಹೆ ಬಿಟ್ಟು ಥರ್ಮಾಮೀಟರನ್ನೇ ಒಳಗೆ ಇಳಿಸಿದ. 1845ರಲ್ಲಿ ಐಸ್‌ಲ್ಯಾಂಡಿನ ಹೆಕ್ಲಾ ಜ್ವಾಲಾಮುಖಿ ಸಿಡಿದಿತ್ತು. 1846ರಲ್ಲಿ ಅದನ್ನು ಅಭ್ಯಾಸ ಮಾಡಲು ಹೋದ ತಂಡದಲ್ಲಿ ಅವನಿದ್ದ. ಯಾವ ಗಳಿಗೆಯಲ್ಲಿ ಬೇಕಾದರೂ ಸಿಡಿಯಬಹುದಾದ ಇಪ್ಪತ್ತು ಮೀಟರಿಗೂ ಆಳದ ಗೇಸಿರ್ ಎಂಬ ಕುದಿನೀರಿನ ಬಾವಿಯ ದಡದಲ್ಲಿ ನಿಂತು, ಬೇರೆ ಬೇರೆ ಆಳದಲ್ಲಿ ಬಿಸಿ ಅಳೆದ. ತಳದಲ್ಲಿ ಸುಮಾರು 127 ಡಿಗ್ರಿ ಇತ್ತು, ಆದರೂ ಆ ಆಳದ ಒತ್ತಡಕ್ಕೆ ಅದು ಕುದಿಯುವಷ್ಟು ಬಿಸಿಯಲ್ಲ. ಕೊಳವೆಯ ನಡುಭಾಗದಲ್ಲಿ ಮಾತ್ರ ನೀರು ಕುದಿಯಲು ಸುಮಾರು 2 ಡಿಗ್ರಿಯಷ್ಟೇ ಬಾಕಿ ಇತ್ತು. ಕೆಳಗಿನಿಂದ ಬಂದ ಆವಿ ಆ ನೀರನ್ನು ಎರಡು ಮೀಟರ್ ಮೇಲಕ್ಕೆ ನೂಕಿದರೆ ಸಾಕು, ಅಲ್ಲಿ ಒತ್ತಡ ಕಡಿಮೆ, ಅದೇ ಬಿಸಿಯಲ್ಲಿ ಕುದಿಯುತ್ತದೆ. ಮದ್ದಿಗೆ ಬೆಂಕಿ ಬೀಳುವುದು ತಳದಲ್ಲಲ್ಲ, ನಡುವಿನಲ್ಲಿ. ಎರಡೇ ಡಿಗ್ರಿ, ಎರಡೇ ಮೀಟರ್!

ಈಗ ಹೆಂಟೆಯ ರಹಸ್ಯಕ್ಕೆ ಬನ್ನಿ. ಸ್ಟ್ರೊಕ್ಕುರ್‌ನ ಗಂಟಲು ಕಿರಿದು. ಮಣ್ಣು ಅಲ್ಲಿ ಸಿಕ್ಕಿಕೊಂಡು ಬಿರಡೆಯ ಹಾಗೆ ಕೂತಾಗ, ಗುಳ್ಳೆ ಗುಳ್ಳೆಯಾಗಿ ಹೊರಗೆ ಹೋಗಿಬಿಡಬೇಕಾಗಿದ್ದ ಆವಿ ಒಳಗೇ ಉಳಿಯುತ್ತದೆ. ಬಿರಡೆ ಹಾರಿದ ಕ್ಷಣ ಒತ್ತಡ ಇಳಿದು ಎಲ್ಲವೂ ಒಮ್ಮೆಗೇ ಕುದಿಯುತ್ತದೆ.

ಯೆಲ್ಲೋಸ್ಟೋನಿನ ಪ್ರವಾಸಿಗರು ಇದಕ್ಕಿಂತ ಸುಲಭದ ದಾರಿ ಕಂಡುಕೊಂಡರು. 1872ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು, 1883ರಲ್ಲಿ ರೈಲು ಬಂತು, ರೈಲಿನ ಜೊತೆ ಜನ ಬಂದರು. 1885ರ ಸುಮಾರಿಗೆ ಅಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬ ಚೀನೀಯ, ಬುಗ್ಗೆಯೊಂದರ ಮೇಲೆ ಡೇರೆ ಕಟ್ಟಿ, ಬಟ್ಟೆ, ಸೋಪು ಎರಡನ್ನೂ ಅದರೊಳಗೆ ಹಾಕಿದನಂತೆ. ಶಾಂತವಾಗಿದ್ದ ಬುಗ್ಗೆ ಡೇರೆಯನ್ನೇ ಹಾರಿಸಿಬಿಟ್ಟಿತು ಅಂತ ಕತೆ. ಸುದ್ದಿ ಹಬ್ಬಿದ ಮೇಲೆ ಪ್ರವಾಸಿಗರು ಜೇಬಿನಲ್ಲಿ ಸೋಪು ಇಟ್ಟುಕೊಂಡೇ ಬರತೊಡಗಿದರು. ಸರ್ಕಾರಿ ಭೂವಿಜ್ಞಾನಿ ಆರ್ನಾಲ್ಡ್ ಹೇಗ್ 1889ರಲ್ಲಿ ಇದರ ಬಗ್ಗೆ ಒಂದು ಪ್ರಬಂಧವನ್ನೇ ಬರೆದ. ಸೋಪಿನಿಂದ ನೀರಿನ ಮೇಲ್ಮೈಯ ಬಿಗಿ ಸಡಿಲವಾಗುತ್ತದೆ, ಗುಳ್ಳೆಗಳು ಸುಲಭವಾಗಿ ಹುಟ್ಟುತ್ತವೆ, ಒಡೆಯದೆ ನೊರೆಯಾಗಿ ನಿಲ್ಲುತ್ತವೆ. ನೊರೆ ಉಕ್ಕಿ ನೀರು ಹೊರಗೆ ಚೆಲ್ಲಿದರೆ ಮೇಲಿನ ಭಾರ ಇಳಿಯಿತು. ಆ ಎರಡು ಡಿಗ್ರಿಯ ಅಂತರ ದಾಟಲು ಅಷ್ಟು ಸಾಕು.

ಕೋಪ ಬರುವುದು ಉಳಿದ ಕೆಲಸಗಳನ್ನು ಓದಿದಾಗ. ನೂರಾರು ವರ್ಷದ ಸಿಲಿಕಾ ಲೇಪವನ್ನು ಸುತ್ತಿಗೆ, ಕೊಡಲಿ ತಂದು ಒಡೆದು ನೆನಪಿಗೆ ಅಂತ ಮನೆಗೆ ಒಯ್ದರು. ಚಿಲುಮೆಯ ಸುತ್ತ ಪೆನ್ಸಿಲಿನಲ್ಲಿ ಹೆಸರು ಬರೆದರು. ಅದರ ಮೇಲೆ ಸಿಲಿಕಾದ ತೆಳು ಪದರ ಕೂತು ಆ ಹೆಸರುಗಳು ಅಳಿಸಲಾಗದ ಹಾಗೆ ಉಳಿದವು. 1886ರಲ್ಲಿ ಉದ್ಯಾನದ ಕಾವಲಿಗೆ ಸೈನ್ಯವನ್ನೇ ಕರೆಸಬೇಕಾಯಿತು. ಸೋಪು ಹಾಕುವುದಕ್ಕೂ ನಿಷೇಧ ಬಂತು. ಮಾರ್ನಿಂಗ್ ಗ್ಲೋರಿ ಎಂಬ ನೀಲಿ ಕೊಳಕ್ಕೆ ಜನ ನಾಣ್ಯ ಎಸೆಯುತ್ತಾ ಬಂದರು. 1950ರಲ್ಲಿ ನೀರಿನ ಮಟ್ಟ ಇಳಿಸಿ, ಬೇಕೆಂದೇ ಕೊಳ ಉಕ್ಕುವ ಹಾಗೆ ಮಾಡಿದಾಗ ಒಳಗಿನಿಂದ ನಾಣ್ಯ, ಬಾಟಲಿ, ಡಬ್ಬ, ರಾಶಿ ಕರವಸ್ತ್ರ ಹೊರಗೆ ಬಂತು. ಕಸ ಕಟ್ಟಿಕೊಂಡು ಬಿಸಿನೀರು ಬರುವ ದಾರಿ ಕಿರಿದಾಗಿ ಕೊಳ ತಣ್ಣಗಾಯಿತು. ತಣ್ಣಗಾದ ಅಂಚಿನಲ್ಲಿ ಹಳದಿ, ಕಿತ್ತಳೆ ಬಣ್ಣದ ಸೂಕ್ಷ್ಮಜೀವಿಗಳು ಒಳಕ್ಕೆ ಹಬ್ಬಿದವು. ಇವತ್ತು ಆ ಕೊಳದ ಫೋಟೋ ನೋಡಿ "ಎಷ್ಟು ಬಣ್ಣ!" ಅನ್ನುತ್ತೇವೆ. ಅಂಚಿನ ಆ ಬಣ್ಣದಲ್ಲಿ ಬಹುಪಾಲು ನಮ್ಮ ಕಸದ ಫಲ.

ಐಸ್‌ಲ್ಯಾಂಡಿನಲ್ಲಿ ಇನ್ನೊಂದು ಥರ. 1894ರಲ್ಲಿ ಗೇಸಿರ್ ಇದ್ದ ಜಾಗವನ್ನೇ ಜೇಮ್ಸ್ ಕ್ರೇಗ್ ಎಂಬುವನು ಕೊಂಡು, ಬೇಲಿ ಹಾಕಿ, ನೋಡಲು ದುಡ್ಡು ವಸೂಲಿ ಮಾಡಿದ. ಅವನು ಮುಂದೆ ಉತ್ತರ ಐರ್ಲೆಂಡಿನ ಪ್ರಧಾನಿಯಾದ. 1935ರಲ್ಲಿ ಸಿಗುರ್ದುರ್ ಯೋನಾಸ್ಸೊನ್ ಎಂಬುವರು ಆ ಜಾಗ ಕೊಂಡು ದೇಶದ ಜನರಿಗೇ ಕೊಟ್ಟುಬಿಟ್ಟರು. ಅಷ್ಟರಲ್ಲಿ ಗೇಸಿರ್ ಚಿಮ್ಮುವುದು ನಿಂತೇ ಎರಡು ದಶಕ ಆಗಿತ್ತು. ಸಿಲಿಕಾ ಬೆಳೆದು ಅಂಚು ಎತ್ತರವಾಗಿ, ನೀರು ಮೇಲೇರಿ ಭಾರ ಜಾಸ್ತಿಯಾಗಿತ್ತು. ಅದೇ ವರ್ಷ ಅಂಚಿನಲ್ಲಿ ಒಂದು ಕಾಲುವೆ ಕಡಿದು ನೀರಿನ ಮಟ್ಟ ಸ್ವಲ್ಪ ಇಳಿಸಿದರು. ಗೇಸಿರ್ ಮತ್ತೆ ಚಿಮ್ಮಿತು! ಬುನ್ಸೆನ್‌ನ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಇನ್ನೇನು ಬೇಕು?

ಪ್ರವಾಸಿಗರನ್ನೇ ಬೈದರೆ ಪೂರ್ತಿ ನ್ಯಾಯ ಆಗುವುದಿಲ್ಲ. ನ್ಯೂಜಿಲೆಂಡಿನ ಬಿಳಿ ಮತ್ತು ಗುಲಾಬಿ ಸಿಲಿಕಾ ಮೆಟ್ಟಿಲುಗಳನ್ನು ನೋಡಲು ಜಗತ್ತಿನ ಮೂಲೆಮೂಲೆಯಿಂದ ಜನ ಹೋಗುತ್ತಿದ್ದರು, ಅಲ್ಲಿನ ಮೂಲನಿವಾಸಿಗಳಾದ ತುಹೊರಂಗಿ ಪಂಗಡದ ಮಾವೊರಿಗಳು ದೋಣಿ ನಡೆಸಿ, ದಾರಿ ತೋರಿಸಿ ಬದುಕುತ್ತಿದ್ದರು. 1886ರ ಜೂನ್ 10ರಂದು ತರವೆರಾ ಜ್ವಾಲಾಮುಖಿ ಸಿಡಿದು, ಸುಮಾರು 120 ಜನ ಸತ್ತು, ಆ ಮೆಟ್ಟಿಲುಗಳು ಕಣ್ಮರೆಯಾದವು. ಅದೇ ದೇಶದ ವೈರಾಕೇಯಲ್ಲಿ ಭೂಶಾಖದಿಂದ ವಿದ್ಯುತ್ ತೆಗೆಯುವ ಘಟಕ 1958ರಲ್ಲಿ ಶುರುವಾಯಿತು. ಬಾವಿಗಳು ಕೆಳಗಿನ ಬಿಸಿನೀರನ್ನು ಎಳೆದುಕೊಂಡವು, ಪಕ್ಕದ ಕಣಿವೆಯ ಚಿಲುಮೆಗಳು ಕೆಲವೇ ವರ್ಷಗಳಲ್ಲಿ ಸತ್ತವು. ಸೋಪು ಹಾಕಿದ್ದಕ್ಕಿಂತ ಎಷ್ಟೋ ಪಾಲು ದೊಡ್ಡ ಪೆಟ್ಟು ಅದು.

ಕಾಯುವವರಿಗೆ ಈಗ ಹೆಂಟೆಯೂ ಬೇಡ, ಸೋಪೂ ಬೇಡ. ಓಲ್ಡ್ ಫೇಯ್ತ್‌ಫುಲ್ ಮುಂದೆ ನಿಂತವರು ಕೈಗಡಿಯಾರ ನೋಡಿಕೊಂಡರೆ ಸಾಕು. ಚಿಮ್ಮುವಿಕೆ ಎರಡೂವರೆ ನಿಮಿಷದೊಳಗೆ ಮುಗಿದರೆ ಮುಂದಿನದು ಸುಮಾರು ಒಂದು ಗಂಟೆಯಲ್ಲಿ ಬರುತ್ತದೆ, ಅದಕ್ಕಿಂತ ಜಾಸ್ತಿ ಹೊತ್ತು ಚಿಮ್ಮಿದರೆ ಒಂದೂವರೆ ಗಂಟೆ ಕಾಯಬೇಕು. ಬೇಗ ಮುಗಿದಾಗ ಕೊಳವೆಯಲ್ಲಿ ಬಿಸಿನೀರು ಇನ್ನೂ ಉಳಿದಿರುತ್ತದೆ, ಮತ್ತೆ ತುಂಬಿ ಬಿಸಿಯಾಗಲು ಕಡಿಮೆ ಹೊತ್ತು ಸಾಕು. ಉದ್ಯಾನದವರು ಬೋರ್ಡಿನ ಮೇಲೆ ಬರೆಯುವ ಸಮಯ ಹೆಚ್ಚಿನ ಸಲ ಹತ್ತು ನಿಮಿಷ ಆಚೀಚೆ ಸರಿಯಾಗಿಯೇ ಇರುತ್ತದೆ. ದೊಡ್ಡ ಭೂಕಂಪವಾಗಿ ನೆಲದೊಳಗಿನ ಬಿರುಕುಗಳು ಅಲುಗಿದರೆ ಮಾತ್ರ ಹಳೆಯ ಲೆಕ್ಕ ತಪ್ಪುತ್ತದೆ. 1959ರಲ್ಲಿ, ಮತ್ತೆ 1983ರಲ್ಲಿ ಹಾಗೇ ಆಯಿತು. ಎರಡು ಸಲವೂ ಚಿಮ್ಮುವ ನಡುವಿನ ಅಂತರ ಹೆಚ್ಚಾಗಿ, ಬೋರ್ಡಿಗೆ ಹೊಸ ಲೆಕ್ಕ ಹಾಕಬೇಕಾಯಿತು.